ಫೈಲಿಗೆ ಬಾರದ ಎರಡನೇ ಮಿಕ್ಸರ್

ನಂಬಲೇಬೇಕು ಅಂತ ಯಾರನ್ನೂ ಒತ್ತಾಯ ಮಾಡುವುದಿಲ್ಲ. ಆದರೆ ಆ ರಾತ್ರಿ ನನ್ನ ಜೊತೆಗಿದ್ದ ಪುಟ್ಟೇಗೌಡರು ಈಗಲೂ ಸಾಲಗಾಮೆಯಲ್ಲಿದ್ದಾರೆ. ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ... ಬಾಯಿ ಬಿಟ್ಟರೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಕಂಟ್ರೋಲರ್‌ಗಳಿಗೆ ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಖಾಸಗಿ ಪಶು ಆಹಾರದ ಮಿಲ್ಲು. ಹಗಲೆಲ್ಲ ಅದು ಓಡುತ್ತಿದ್ದರಿಂದ ಹೊಸ ಕಂಟ್ರೋಲರ್ ಕೂರಿಸಲು ರಾತ್ರಿಯೇ ಗತಿ. ಹಿಂಡಿ, ಬೂಸಾ, ಕಾಕಂಬಿ ಕಲಸುವ ಮೂರು ಮಿಕ್ಸರ್‌ಗಳು. ಒಂದೊಂದರ ಹೊಟ್ಟೆಯಲ್ಲೂ ಆಳೆತ್ತರದ ಉಕ್ಕಿನ ರೆಕ್ಕೆಗಳು.

ಫಿಟ್ಟರ್ ಮಂಜ ಕೊನೆಯ ಬೋಲ್ಟ್ ಬಿಗಿದು, ಕೊಣನೂರಿನ ಬಸ್ಸು ಹಿಡಿಯುತ್ತೇನೆಂದು ಹೊರಟಿದ್ದ. ಒಳಗೆ ಉಳಿದವರು ನಾನು, ಸೂಪರ್‌ವೈಸರ್ ಪುಟ್ಟೇಗೌಡರು, ಇಬ್ಬರೇ.

ಕೆಲಸ ಸುಲಭದ್ದು. ಯಾವ ಯಂತ್ರಗಳಿವೆ ಎಂದು ಲ್ಯಾಪ್‌ಟಾಪಿನ ಸಾಫ್ಟ್‌ವೇರ್‌ನಲ್ಲಿ ಗುರುತು ಹಾಕಿ ಬಟನ್ ಒತ್ತಿದರೆ, ಕಂಟ್ರೋಲರ್ ನಡೆಸಬೇಕಾದ ಯಂತ್ರಗಳ ಪಟ್ಟಿಯನ್ನು, ಅಂದರೆ ಕಾನ್ಫಿಗರೇಶನ್ ಫೈಲನ್ನು, ಅದೇ ಬರೆದುಕೊಡುತ್ತದೆ. ಅದನ್ನು ಕಂಟ್ರೋಲರಿಗೆ ಇಳಿಸಿದ ಕೂಡಲೇ, ಫೈಲಿನಲ್ಲಿರುವ ಮಿಕ್ಸರ್‌ಗಳೆಲ್ಲ ಪರೀಕ್ಷೆಗೆಂದು ಒಮ್ಮೆ ತಿರುಗುತ್ತವೆ.

ಒತ್ತಿದೆ. ಫೈಲಿನಲ್ಲಿ ಒಂದನೇ ಮಿಕ್ಸರ್ ಬಂದಿತ್ತು. ಮೂರನೆಯದೂ ಬಂದಿತ್ತು. ಎರಡನೆಯದಿಲ್ಲ.

ಗುರುತು ಸರಿಯಾಗಿಯೇ ಇತ್ತು. ಹಳೆಯ ಫೈಲ್ ಅಳಿಸಿ, ಹೊಸ ಹೆಸರು ಕೊಟ್ಟು ಮತ್ತೆ ಒತ್ತಿದೆ... ಇಲ್ಲ. ಎರಡನೆಯದು ಮತ್ತೆ ಇಲ್ಲ.

“ಏನಾಯ್ತು ಸಾ? ಬೆಳಿಗ್ಗೆ ಲಾರಿ ಬತ್ತವೆ,” ಎಂದರು ಪುಟ್ಟೇಗೌಡರು.

ನನಗೆ ರೇಗಿತು. ಫೈಲನ್ನೇ ತೆರೆದು, ಬಿಟ್ಟುಹೋದ ಸಾಲನ್ನು ಕೈಯಾರೆ ಟೈಪ್ ಮಾಡಿದೆ. ಸೇವ್ ಮಾಡಿ ಮುಚ್ಚಿದೆ. ತೆರೆದು ನೋಡಿದರೆ ಆ ಜಾಗ ಖಾಲಿ. ಕರ್ಸರ್ ಮಾತ್ರ ಅಲ್ಲೇ ಮಿಣುಕುತ್ತಿತ್ತು... ಯಾರೋ ಈಗಷ್ಟೇ ಅಳಿಸಿ ಕೈ ತೆಗೆದ ಹಾಗೆ.

ಕಾಕಂಬಿಯ ಹುಳಿ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ಹೊಸದಾಗಿ ತೋಡಿದ ಗುಂಡಿಯ ಹಸಿಮಣ್ಣಿನದು.

“ಬ್ಯಾಡ ಬುಡಿ ಸಾ,” ಪುಟ್ಟೇಗೌಡರ ದನಿ ತಗ್ಗಿತು. “ಯಾಕೋ ಅದು ಒಲ್ಲೆ ಅಂತೈತೆ.”

ವೈರೇ ಎಲ್ಲೋ ಸಡಿಲವಾಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಟಾರ್ಚ್ ಹಿಡಿದು ಎರಡನೇ ಮಿಕ್ಸರಿನ ಏಣಿ ಹತ್ತಿದೆ. ಮುಚ್ಚಳ ಅರ್ಧ ಸರಿದಿತ್ತು. ಒಳಕ್ಕೆ ಬೆಳಕು ಬಿಟ್ಟೆ.

ರೆಕ್ಕೆಗಳ ಸಂದಿಯಲ್ಲಿ ಮಂಜ ಕೂತಿದ್ದ.

ಮೊಣಕಾಲು ತಬ್ಬಿಕೊಂಡು, ಕಣ್ಣು ಬಿಟ್ಟುಕೊಂಡು... ಶಾಲೆಯಲ್ಲಿ ಮೇಷ್ಟ್ರು ಹೇಳಿದಂತೆ ಕೂತ ಮಗುವಿನ ಹಾಗೆ.

ಇಬ್ಬರೂ ಸೇರಿ ಅವನನ್ನು ಹೊರಕ್ಕೆ ಎಳೆದುಕೊಂಡೆವು. ಮೈ ತಣ್ಣಗಿತ್ತು. ಮೋಟಾರಿನ ಮೇನ್ ಸ್ವಿಚ್ ಆನ್ ಆಗಿಯೇ ಇದೆ ಎಂಬುದು ನೆನಪಾಗಿ ಓಡಿಹೋಗಿ ಆರಿಸಿದೆ. ಆ ಒಂದು ಸಾಲು ಫೈಲಿನಲ್ಲಿ ನಿಂತಿದ್ದರೆ...

ಪುಟ್ಟೇಗೌಡರು ಅವನ ಮುಖಕ್ಕೆ ನೀರು ಚಿಮುಕಿಸಿದರು. “ಬಸ್ಸಿಗೆ ಓದವನು ಅದ್ರೊಳಕ್ಕೆ ಯಾಕ್ಲಾ ಇಳಿದೆ?”

ಮಂಜ ನನ್ನ ಕಡೆ ನೋಡಿದ. “ಗೇಟ್ ತಾವ ಓಗಿದ್ದೆ. ಇವ್ರೇ ಕೂಗುದ್ರು. ಬಂದು ನೋಡುದ್ರೆ ಮಿಕ್ಸರ್ ಒಳಗಿಂದ್ಲೇ ಕೂಗ್ತಾವ್ರೆ. ಇಳುದ್ರೆ ಯಾರೂ ಇರ್ನಿಲ್ಲ. ದನಿ ಮಾತ್ರ ಕಿವಿ ಪಕ್ಕದಾಗೇ ಇತ್ತು...”

“ಏನಂತು?” ಎಂದೆ.

“‘ಇಲ್ಲೇ ಕೂತಿರು ಮಂಜ. ಇನ್ನೇನು ಶುರು ಮಾಡ್ತೀನಿ’ ಅಂತು. ನಿಮ್ದೇ ದನಿ ಸಾ. ನಿಮ್ದೇ.”

ಏಣಿ ಹತ್ತುವವರೆಗೆ ನಾನು ಲ್ಯಾಪ್‌ಟಾಪ್ ಬಿಟ್ಟು ಎದ್ದಿರಲಿಲ್ಲ. ಪುಟ್ಟೇಗೌಡರು ನನ್ನ ಪಕ್ಕದಲ್ಲೇ ಇದ್ದರು. ಆದರೂ ಅವರು ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದದ್ದನ್ನು ನಾನು ನೋಡಿದೆ.

ಬೆಳಿಗ್ಗೆ ಅದೇ ಲ್ಯಾಪ್‌ಟಾಪಿನಲ್ಲಿ, ಏನನ್ನೂ ಬದಲಿಸದೆ ಬಟನ್ ಒತ್ತಿದೆ. ಮೂರೂ ಮಿಕ್ಸರ್ ಬಂದವು. ವರ್ಷಗಟ್ಟಲೆ ಆ ಸಾಫ್ಟ್‌ವೇರ್ ಬಳಸಿದ್ದೇನೆ. ಹಿಂದೆಯೂ ಮುಂದೆಯೂ ಅದು ಹಾಗೆ ಮಾಡಿದ್ದಿಲ್ಲ.

ಸಾಲು ಅಳಿಸಿ ಅವನನ್ನು ಉಳಿಸಿದ್ದು ಯಾವುದು? ನನ್ನ ದನಿಯಲ್ಲಿ ಕರೆದು ಕೂರಿಸಿದ್ದು ಯಾವುದು? ಎರಡೂ ಬೇರೆ ಬೇರೆ ಆಗಿದ್ದವೋ, ಒಂದೇ ಆಗಿದ್ದವೋ... ನನಗೆ ತಿಳಿಯದು.

ಮಂಜ ಕೆಲಸ ಬಿಟ್ಟು ಹೊಲ ಮಾಡಿಕೊಂಡ. ಕೊಣನೂರು ಸಂತೆಯಲ್ಲಿ ಯಾವಾಗಲಾದರೂ ಸಿಗುತ್ತಾನೆ, ಕಾಫಿ ಕೊಡಿಸುತ್ತಾನೆ. ಆದರೆ ಹಿಂದಿನಿಂದ ಎಷ್ಟು ಕೂಗಿದರೂ ತಿರುಗುವುದಿಲ್ಲ. ನಾನೇ ಸುತ್ತಿಕೊಂಡು ಎದುರಿಗೆ ಹೋಗಿ ನಿಲ್ಲಬೇಕು. ಅವನು ನನ್ನ ತುಟಿ ಅಲ್ಲಾಡುವುದನ್ನು ನೋಡುತ್ತಾನೆ. ಆಮೇಲಷ್ಟೇ ಓಗೊಡುತ್ತಾನೆ.