ಸೋಲುವಾಗ ಮಾತ್ರ ಕೆಡುವ ಕಂಪ್ಯೂಟರ್

ಚಿಕ್ಕಮ್ಮನ ಗಂಟಲಿನಿಂದ ಅಂಥ ಸದ್ದು ಹೊರಡಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಅಮ್ಮನ ತಂಗಿ ಅವಳು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುವ ಕೆಲಸ. ಮದುವೆಯ ಮಾತೆತ್ತಿದವರಿಗೆಲ್ಲ ಟೀ ಕೊಟ್ಟು ಸಾಗಹಾಕಿ ನಮ್ಮ ಮನೆಯಲ್ಲೇ ಉಳಿದವಳು. ಊಟಕ್ಕೆ ಬಾ ಎಂದರೆ ‘ಹ್ಞೂಂ’, ಉಪ್ಪು ಸರಿಯಿದೆಯಾ ಎಂದರೂ ‘ಹ್ಞೂಂ’. ಅಂಥವಳು ಒಂದು ಭಾನುವಾರ ಮಧ್ಯಾಹ್ನ ನನ್ನ ಕೋಣೆಯೊಳಗೆ ಕಿರುಚುತ್ತಿದ್ದಳು: “ಲೋ, ಗೋಡೆ ಬಿಟ್ಟು ಈಚೆ ಬರ್ಬೇಡ ಅಂದ್ನಲ್ಲ! ಬಗ್ಗೋ, ಬಗ್ಗೋ!”

ಕೆಲಸದಿಂದ ಬೇಗ ಬಂದಿದ್ದ ನಾನು ಕಳ್ಳ ನುಗ್ಗಿದನೆಂದು ಪೊರಕೆ ಹಿಡಿದು ಬಾಗಿಲು ತಳ್ಳಿದೆ. ಚಿಕ್ಕಮ್ಮನ ಬಾಯ ಮುಂದೆ ನನ್ನ ಮೈಕು, ಪರದೆಯ ತುಂಬ ಹೊಗೆ, ಗುಂಡು. ತಿರುಗಿಯೂ ನೋಡದೆ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು. ಪೊರಕೆ ಹಿಡಿದುಕೊಂಡೇ ನಿಂತೆ.

ಆಗ ಕಂಪ್ಯೂಟರ್ ಟಪ್ಪೆಂದು ಸತ್ತಿತು.

ಚಿಕ್ಕಮ್ಮ ಕಪ್ಪು ಪರದೆಯನ್ನೇ ನೋಡುತ್ತ ಕೂತಳು. “ಮತ್ತೆ ಓಡಿಹೋದ್ಲು ಅಂತಾರೆ.”

ಆಮೇಲೆ ತಿಳಿದದ್ದಿಷ್ಟು. ಬಿಡಿಭಾಗ ಜೋಡಿಸಿ, ಜಂಬ ಪಟ್ಟು ನಾನು ಕಟ್ಟಿ, ಬರೀ ಸಿನಿಮಾ ನೋಡುತ್ತಿದ್ದ ಆ ಗೇಮಿಂಗ್ ಕಂಪ್ಯೂಟರನ್ನು ನಾನು ಕೊರಿಯರ್ ಕಚೇರಿಯಲ್ಲಿ ಪಾರ್ಸೆಲ್ ತೂಗುತ್ತಿರುವಾಗ ಚಿಕ್ಕಮ್ಮ ಆಳುತ್ತಿದ್ದಳು. ಅವಳದೊಂದು ತಂಡವಿತ್ತು. ಯಾರೂ ಯಾರ ಮುಖವನ್ನೂ ಕಂಡವರಲ್ಲ. ನಾಯಕನಿಗೆ ‘ಹದ್ದು’ ಎಂದು ಹೆಸರು, ಇವಳಿಗೆ ‘ಇಸ್ತ್ರಿ’. ಶತ್ರುಗಳು ಸುತ್ತುವರಿದು ಕಾಳಗ ಜೋರಾದಾಗಲೇ ಯಂತ್ರ ಆರಿಹೋಗುತ್ತಿತ್ತು. ತಂಡದವರಿಗೆ ಕಾಣುತ್ತಿದ್ದದ್ದು ಒಂದೇ: ಸೋಲು ಹತ್ತಿರ ಬಂತು, ಇಸ್ತ್ರಿ ಮಾಯ. ಮುಂದಿನ ಭಾನುವಾರವೂ ಹೀಗಾದರೆ ಬೇರೆಯವರನ್ನು ಸೇರಿಸಿಕೊಳ್ಳುತ್ತೇವೆಂದು ಹದ್ದು ಹೇಳಿಬಿಟ್ಟಿದ್ದ.

“ಕಂಪ್ಯೂಟರ್ ಕೆಟ್ಟಿದೆ ಅಂತ ಹೇಳ್ಬಾರ್ದಾ?”

“ಹೇಳ್ದೆ. ಸೋಲೋವಾಗ್ಲೇ ಕೆಡೋ ಕಂಪ್ಯೂಟರ್ ಎಲ್ಲಿ ಸಿಗುತ್ತೆ, ನಮಗೂ ಒಂದು ಕೊಡ್ಸಿ ಅಂತ ನಕ್ರು.”

ನಾನು ಹುಟ್ಟಿದಾಗಿನಿಂದ ಅವಳು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು.

ಕಟ್ಟಿದವನೇ ನಾನಾದ್ದರಿಂದ ನನ್ನೊಬ್ಬನನ್ನು ಬಿಟ್ಟು ಎಲ್ಲರ ಮೇಲೂ ಅನುಮಾನಪಟ್ಟೆ. ಧೂಳು ಊದಿ ಸೀನಿದೆ. ಮೆಮೊರಿ ಪಟ್ಟಿಗಳನ್ನು ಕಿತ್ತು ಅದಲುಬದಲು ಮಾಡಿದೆ. ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಬಿಸಿ ಅಳೆದರೆ ಯಂತ್ರ ನನಗಿಂತ ತಣ್ಣಗಿತ್ತು. ಕೊನೆಗೆ ಆಟದ ಚಿತ್ರಗಳನ್ನು ಮಂಕಾಗಿಸಿ, ಗ್ರಾಫಿಕ್ಸ್ ಕಾರ್ಡಿನ ದುಡಿಮೆ ತಗ್ಗಿಸಿದೆ. ಸಾಯಲಿಲ್ಲ! ಅಂದರೆ ತಲೆ ಸರಿಯಿತ್ತು, ಅನ್ನ ಸಾಲುತ್ತಿರಲಿಲ್ಲ. ಕರೆಂಟು ಹಂಚುವ ಪವರ್ ಸಪ್ಲೈ ಡಬ್ಬಿಯೇ ಕೈಕೊಡುತ್ತಿತ್ತು. ಖಾತ್ರಿಗೆಂದು ಸಹೋದ್ಯೋಗಿಯ ಡಬ್ಬಿಯನ್ನು ಬೇಡಿ ತಂದು ಜೋಡಿಸಿದೆ. ಸಂಜೆಯವರೆಗೂ ಚಿಕ್ಕಮ್ಮ ಗುಂಡು ಹಾರಿಸಿದಳು, ಯಂತ್ರ ಕಣ್ಣು ಮಿಟುಕಿಸಲಿಲ್ಲ.

ಆದರೂ ನನ್ನ ಮನಸ್ಸು ಒಪ್ಪದು. ನನ್ನ ಡಬ್ಬಿಯ ಮೈಮೇಲೆ ಏಳುನೂರೈವತ್ತು ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಜತೆಗೆ ಅಂಗಡಿಯಲ್ಲಿದ್ದ ಎಲ್ಲವನ್ನೂ ಅಂಗೈಯಲ್ಲಿ ತೂಗಿ, ಭಾರವಿದ್ದಷ್ಟೂ ಒಳಗೆ ಸರಕು ಹೆಚ್ಚೆಂದು ಭಾರದ್ದನ್ನೇ ಆರಿಸಿದ್ದೆ. ದಿನವಿಡೀ ಪಾರ್ಸೆಲ್ ಎತ್ತುವವನಿಗೆ ಬೇರೆ ಯಾವ ಬುದ್ಧಿ ಬರಬೇಕು? “ನಿಮ್ಮ ಕೈಯೇ ತಕ್ಕಡಿ ಸಾರ್,” ಎಂದು ಅಂಗಡಿಯವನು ಹೊಗಳಿದ್ದ. ಉಬ್ಬಿಹೋಗಿದ್ದೆ.

ಪ್ಲಗ್ಗು ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರುತ್ತದೆ ಎಂಬ ಹೆದರಿಕೆಗೆ ನಾನು ಬಿಚ್ಚಲಿಲ್ಲ. ಬೀದಿ ಕೊನೆಯ ರಿಪೇರಿ ಅಂಗಡಿಗೆ ನಾನೂ ಚಿಕ್ಕಮ್ಮನೂ ಹೊತ್ತೊಯ್ದೆವು. ರಿಪೇರಿಯವಳು ಸ್ಕ್ರೂ ತೆಗೆದು ಮುಚ್ಚಳ ಎತ್ತಿದಳು.

ಒಳಗೆ ಹೆಬ್ಬೆರಳಿನಷ್ಟು ತಂತಿಯ ಸುರುಳಿ, ಬಡಕಲು ಸರ್ಕ್ಯೂಟ್ ಹಲಗೆಯೊಂದು. ಉಳಿದ ಜಾಗದಲ್ಲಿ ಅಂಟು ಹಾಕಿ ಕೂರಿಸಿದ ಕಬ್ಬಿಣದ ತುಂಡು. ಅದಕ್ಕೆ ಒಂದು ತಂತಿಯೂ ತಾಗಿರಲಿಲ್ಲ.

“ಇದು... ಇದೇನು ಕೆಲ್ಸ ಮಾಡುತ್ತೆ?” ಎಂದೆ.

“ತೂಗುತ್ತೆ,” ಎಂದಳು ರಿಪೇರಿಯವಳು.

ಚಿಕ್ಕಮ್ಮ ಕಬ್ಬಿಣವನ್ನೂ ನನ್ನನ್ನೂ ಸರದಿಯಲ್ಲಿ ನೋಡಿದಳು. “ಬೆಂಕಿ ಹತ್ಕೊಂಡಿದ್ರೆ ಏನೋ ಗತಿ?” ಆಮೇಲೆ, “ತಗೊಂಡ್ಬಾ ಅದನ್ನ. ಬಾಗಿಲಿಗೆ ಅಡ್ಡ ಇಡೋಕಾಗುತ್ತೆ.”

ಹೊಸದನ್ನು ಕೊಳ್ಳುವಾಗ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಕಾರ್ಡು, ಪ್ರೊಸೆಸರ್ ಎಷ್ಟೆಷ್ಟು ಕರೆಂಟು ಎಳೆಯುತ್ತವೆಂದು ಕೂಡಿಸಿ, ಕಾಳಗದ ಹೊತ್ತಿನ ದಿಢೀರ್ ಹಸಿವಿಗೆ ಮೇಲೊಂದಿಷ್ಟು ಬಿಟ್ಟು, ಬೇರೆಯವರು ಬಿಚ್ಚಿ ಪರೀಕ್ಷಿಸಿದ ವರದಿಯಿರುವ, ಹಲವು ವರ್ಷದ ಗ್ಯಾರಂಟಿಯಿರುವ ಡಬ್ಬಿ ಹುಡುಕಿದೆ. ಸಿಕ್ಕಿದ್ದು ಹಳೆಯದಕ್ಕಿಂತ ಹಗುರ. ನನ್ನ ಮುಖ ಸಣ್ಣಗಾಯಿತು.

“ತೂಗ್ಬೇಡ್ವೋ, ಮುಚ್ಕೊಂಡು ತಗೋ,” ಎಂದಳು ಚಿಕ್ಕಮ್ಮ.

ಭಾನುವಾರ ಬಂತು. ಆಟ ಮೊದಲಿನಿಂದಲೇ ಕೆಟ್ಟಿತು. ಒಬ್ಬೊಬ್ಬರಾಗಿ ಎಲ್ಲ ಬಿದ್ದರು, ಹದ್ದೂ ಬಿದ್ದ. ಗೋಡೆಯ ಮರೆಯಲ್ಲಿ ಚಿಕ್ಕಮ್ಮ ಒಬ್ಬಳೇ, ನಾಲ್ಕೂ ಕಡೆ ಶತ್ರುಗಳು, ಪರದೆ ಪೂರಾ ಹೊಗೆ. ಯಂತ್ರ ಸಾಯುತ್ತಿದ್ದ ಗಳಿಗೆಯೇ ಅದು. ನಾನು ಪರದೆ ಬಿಟ್ಟು ಡಬ್ಬಿಯನ್ನೇ ನೋಡುತ್ತಿದ್ದೆ. ಫ್ಯಾನು ಜೋರಾಯಿತು. ಇನ್ನೂ ಜೋರಾಯಿತು. ದೀಪ ಆರಲಿಲ್ಲ. ಚಿಕ್ಕಮ್ಮ ಕೊನೆಯ ಗುಂಡಿನವರೆಗೂ ಹೊಡೆದು, ಎಲ್ಲರ ಕಣ್ಣೆದುರೇ ದೊಪ್ಪನೆ ಬಿದ್ದಳು.

“ಸೋತ್ವಿ!” ಎಂದು ನನ್ನತ್ತ ತಿರುಗಿದಳು. ಅಷ್ಟು ಅರಳಿದ ಅವಳ ಮುಖವನ್ನು ನಾನು ಎಂದೂ ನೋಡಿರಲಿಲ್ಲ.

ಸ್ಪೀಕರಿನಿಂದ ಬೆಚ್ಚಿಬಿದ್ದಂಥ ದನಿಯಲ್ಲಿ ಹದ್ದು ಕೇಳಿದ: “ಇಸ್ತ್ರಿ... ಇನ್ನೂ ಇದೀರಾ?”

“ಇದೀನಲ್ಲ, ಎಲ್ಲಿಗೆ ಹೋಗ್ಲಿ? ಗೋಡೆ ಬಿಟ್ಟು ಬರ್ಬೇಡ ಅಂದಿದ್ನೋ ಇಲ್ವೋ ನಿಂಗೆ? ಹ್ಞೂಂ, ಇನ್ನೊಂದಾಟ ಹಾಕು.”