ಬಿಲ್ಲಿಗೆ ಬರದ ಕೂಲಿ

ಸೋಫಾ ಮೇಸ್ತ್ರಿಗೆ ಮಾತು ಕಡಿಮೆ. ಕೆಲಸಕ್ಕೆ ಕೂತರೆ ಬಾಯಿಗೆ ಒಂದು ಹಿಡಿ ಸಣ್ಣ ಮೊಳೆ ಹಾಕಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳಿ, ಸುತ್ತಿಗೆಯ ತುದಿಯ ಆಯಸ್ಕಾಂತಕ್ಕೆ ಅಂಟಿಸಿ, ಬಟ್ಟೆಯನ್ನು ಮರದ ಚೌಕಟ್ಟಿಗೆ ಬಡಿಯುತ್ತಿದ್ದ. ಗಿರಾಕಿಗಳು ಏನು ಕೇಳಿದರೂ ಹೂಂ, ಇಲ್ಲವೇ ಉಹೂಂ. ಮನೆಯಲ್ಲಿ ಬಾಯಿ ಖಾಲಿ ಇದ್ದಾಗಲೂ ಅದೇ ರಾಗ. ಮೊದಲ ಹೆಂಡತಿ ಹತ್ತು ವರ್ಷ ಆ ಹೂಂ-ಉಹೂಂಗಳ ಜೊತೆ ಸಂಸಾರ ಮಾಡಿ, ಸಾಕಪ್ಪಾ ಸಾಕು ಎಂದು ವಿಚ್ಛೇದನ ತೆಗೆದುಕೊಂಡಳು. ತಪ್ಪು ಅವಳದೇನೂ ಅಲ್ಲ.

ಒಬ್ಬಳೇ ಮಗಳು ತಾಯಿಯ ಪಾಲಾದಳು. ತಾಯಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಕೋರ್ಟು ಇಬ್ಬರ ಗಳಿಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಹುಡುಗಿಯ ಖರ್ಚಿನಲ್ಲಿ ಹೆಚ್ಚು ದುಡಿಯುವವರಿಗೆ ಹೆಚ್ಚು ಪಾಲು, ಕಡಿಮೆ ದುಡಿಯುವವರಿಗೆ ಕಡಿಮೆ ಪಾಲು ಎಂದು ಜೀವನಾಂಶ ಗೊತ್ತುಮಾಡಿತು. ಮೇಸ್ತ್ರಿ ಒಂದು ತಿಂಗಳೂ ತಪ್ಪಿಸದೆ ಕಟ್ಟಿದ. ಭಾನುವಾರ ಮಗಳು ಅಂಗಡಿಗೆ ಬರುತ್ತಿದ್ದಳು. ಅವಳು ಬಂದಳೆಂದರೆ ಮೊಳೆಯೆಲ್ಲ ಡಬ್ಬಿಗೆ ವಾಪಸು. ಈ ಮೂಗನಿಗೂ ಇಷ್ಟು ಮಾತು ಬರುತ್ತದೆಯೇ ಎಂದು ಪಕ್ಕದ ಗಾಜಿನ ಅಂಗಡಿಯವನು ಇಣುಕಿ ನೋಡುತ್ತಿದ್ದ.

ಆಮೇಲೆ ತಾಯಿ, ತಂದೆ ಇಬ್ಬರಿಗೂ ಬೇರೆ ಬೇರೆ ಮದುವೆಯಾಯಿತು. ಅವಳು ಬಣ್ಣದ ಕಾರ್ಖಾನೆಯ ಮೇಲ್ವಿಚಾರಕನನ್ನು ಮಾಡಿಕೊಂಡಳು. ಇವನು, ಅಂಗಡಿಯಲ್ಲಿ ಕುಶನ್ನಿಗೆ ಕವರು ಹೊಲಿಯುತ್ತಿದ್ದವಳನ್ನೇ ಮಾಡಿಕೊಂಡ. ವರ್ಷ ತುಂಬುವುದರೊಳಗೆ ಗಂಡು ಮಗು. ಮಗುವಿನ ಹಿಂದೆಯೇ ಹಾಲಿನ ಪುಡಿ, ಔಷಧಿ, ದೊಡ್ಡ ಮನೆಯ ಬಾಡಿಗೆ.

ಹೊಸ ಹೆಂಡತಿಯ ತಮ್ಮನೊಬ್ಬನಿದ್ದ. ವಕೀಲರ ಕಚೇರಿಯಲ್ಲಿ ಟೈಪು ಮಾಡುತ್ತ ಮಾಡುತ್ತ ಅರ್ಧ ಕಾನೂನು ಕಲಿತು, ಎರಡರಷ್ಟು ಮಾತಾಡುವ ಪುಣ್ಯಾತ್ಮ. ಆಯಮ್ಮನ ಸಂಬಳ ಏರಿದೆ, ನಿಮಗೆ ಇನ್ನೊಂದು ಮಗುವಾಗಿದೆ, ಜೀವನಾಂಶ ಇಳಿಸಿ ಎಂದು ಕೇಳುವುದು ನಿಮ್ಮ ಹಕ್ಕು ಎಂದ. ಅಲ್ಲಿಗೆ ಬಿಟ್ಟಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಅವನು ದನಿ ತಗ್ಗಿಸಿ, "ಭಾವ, ಬಿಲ್ಲಲ್ಲಿ ಬಟ್ಟೆ, ಸ್ಪಂಜಿನ ದುಡ್ಡು ಮಾತ್ರ ಬರೀರಿ. ಕೂಲಿ ಕೈಗೇ ತಗೊಳ್ಳಿ. ಕಾಗದದಲ್ಲಿ ಇಲ್ಲದ್ದು ಕೋರ್ಟಿನ ಕಣ್ಣಿಗೆ ಬೀಳಲ್ಲ," ಎಂದ.

ಮೇಸ್ತ್ರಿ ಹೂಂ ಅಂದ. ಉಹೂಂ ಅನ್ನಬೇಕಾಗಿದ್ದ ಜಾಗ ಅದು.

ಕೆಲವು ತಿಂಗಳು ಹಾಗೆಯೇ ಬಿಲ್ಲು ಹರಿದುಕೊಟ್ಟ. ಸೋಫಾ ಮಾಡುವವನ ಗಳಿಕೆಯೆಲ್ಲ ಅವನ ಕೂಲಿ; ಅದನ್ನೇ ತೆಗೆದುಬಿಟ್ಟರೆ ಕಾಗದದಲ್ಲಿ ಉಳಿಯುವುದು ಒಬ್ಬ ಬಡಪಾಯಿ. ಆ ಬಡಪಾಯಿಯನ್ನೇ ಕೋರ್ಟಿನ ಮುಂದೆ ನಿಲ್ಲಿಸಿ, ಮಗಳಿಗೆ ಇದಕ್ಕಿಂತ ಹೆಚ್ಚು ಕೊಡುವ ಶಕ್ತಿ ನನಗಿಲ್ಲ ಎಂದು ಪ್ರಮಾಣ ಮಾಡಿ ರುಜು ಹಾಕಿದ. ಜೀವನಾಂಶ ಅರ್ಧಕ್ಕಿಂತ ಕೆಳಗಿಳಿಯಿತು. ಉಳಿದ ಹೊರೆ ತಾಯಿಯ ತಲೆಗೆ ಬಿತ್ತು. ಅವಳ ಕೈಯಲ್ಲಿ ಸಂಬಳವಿದೆ, ಗಂಡನೂ ದುಡಿಯುತ್ತಾನೆ, ಮಗಳಿಗೇನು ಕಡಿಮೆ ಎಂದು ಮೇಸ್ತ್ರಿ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಭಾನುವಾರ ಮಗಳ ಮುಖ ನೋಡುವಾಗ ಮಾತ್ರ ಒಳಗೆ ಏನೋ ಚುಚ್ಚುತ್ತಿತ್ತು.

ಮರುವರ್ಷ ತಾಯಿಯ ಹೊಸ ಗಂಡನಿಗೆ ದೂರದೂರಿಗೆ ವರ್ಗವಾಯಿತು. ಹೊರಡುವುದು ಖಚಿತವಾದ ಮೇಲೆ ಮಗಳು ಅಂಗಡಿಗೆ ಬಂದು ಅರ್ಧ ಬಿಚ್ಚಿದ ಕುರ್ಚಿಯ ಮೇಲೆ ಕೂತಳು. ಹದಿಮೂರು ತುಂಬಿದ ಹುಡುಗಿ.

"ಅಪ್ಪ, ನಾನು ನಿನ್ನ ಹತ್ರಾನೇ ಇರ್ತೀನಿ. ಕೋರ್ಟಲ್ಲಿ ಕೇಳ್ತೀಯಾ?"

ಮೇಸ್ತ್ರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವತ್ತೇ ವಕೀಲರ ಬಳಿಗೆ ಓಡಿ ಅರ್ಜಿ ಹಾಕಿಸಿದ. ವಿಚಾರಣೆಯ ದಿನ ತಾಯಿಯ ವಕೀಲೆ ಹೆಚ್ಚು ವಾದವನ್ನೇನೂ ಮಾಡಲಿಲ್ಲ. ಅವನೇ ರುಜು ಹಾಕಿದ್ದ ಹೇಳಿಕೆಯನ್ನು ಎತ್ತಿ ಓದಿ, ಮಗಳ ಅರ್ಧ ಖರ್ಚನ್ನೂ ಕೊಡಲಾರೆ ಎಂದವರು ಇಡೀ ಮಗಳನ್ನು ಹೇಗೆ ಸಾಕುತ್ತಾರೆ ಎಂದು ಕೇಳಿ ಕೂತಳು. ನ್ಯಾಯಾಧೀಶರು ಮುಂದಿನ ವಾರ ಉತ್ತರ ಹೇಳಿ ಎಂದರು.

ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತ. ನಿಜ ಹೇಳಿದರೆ ಹಿಂದಿನ ಬಾಕಿಯನ್ನೆಲ್ಲ ಕಟ್ಟಬೇಕು. ಹೇಳದಿದ್ದರೆ ಮಗಳು ಕೈತಪ್ಪುತ್ತಾಳೆ. ಹೆಂಡತಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ನಿಜ ಹೇಳ್ಬಿಡಿ. ಇಬ್ರೂ ದುಡೀತೀವಿ, ಕಟ್ಟೋಣ," ಎಂದಳು. ಸ್ವಲ್ಪ ತಡೆದು, "ಇನ್ಮೇಲೆ ನನ್ನ ತಮ್ಮನ ಮಾತು ಕೇಳಿದ್ರೆ ಮಾತ್ರ ನಾನು ಸುಮ್ನಿರಲ್ಲ," ಎಂದಳು.

ಮುಂದಿನ ವಾರ ಮೇಸ್ತ್ರಿ ಕಟಕಟೆ ಹತ್ತಿ, ಜೀವಮಾನದಲ್ಲಿ ಒಂದೇ ಸಲಕ್ಕೆ ಆಡದಷ್ಟು ಮಾತು ಆಡಿದ. ಕೂಲಿಯನ್ನು ಮುಚ್ಚಿಟ್ಟಿದ್ದೆ, ಪ್ರಮಾಣ ಮಾಡಿ ಹೇಳಿದ್ದು ಸುಳ್ಳು, ಅವತ್ತೂ ಕೊಡುವ ಶಕ್ತಿ ಇತ್ತು, ಇವತ್ತೂ ಇದೆ. ಹಿಂದಿನ ಬೆಂಚಿನಲ್ಲಿ ಮಗಳು ತಾಯಿಯ ಪಕ್ಕ ಕೂತು ಕೇಳುತ್ತಿದ್ದಳು. ನ್ಯಾಯಾಧೀಶರು ಅವನ ಚಳಿ ಬಿಡಿಸಿದರು. ಬಾಕಿಯನ್ನೆಲ್ಲ ದಂಡದ ಜೊತೆ ಕಟ್ಟಬೇಕೆಂದರು. ಇಬ್ಬರೂ ಸಾಕಬಲ್ಲವರೇ ಎಂದಾದ ಮೇಲೆ ಮಗಳ ಇಷ್ಟವನ್ನೇ ಕೇಳುತ್ತೇನೆಂದು ಅವಳೊಬ್ಬಳನ್ನೇ ಒಳಗೆ ಕರೆದುಕೊಂಡು ಹೋದರು. ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಹೊರಗಿನ ಪಡಸಾಲೆಯಲ್ಲಿ ನಿಂತು, ಮಗಳ ಮಂಚವನ್ನು ಕಿಟಕಿಯ ಕಡೆ ಹಾಕುವುದೋ ಗೋಡೆಯ ಕಡೆಯೋ ಎಂದು ಲೆಕ್ಕ ಹಾಕತೊಡಗಿದ.

ಮಗಳು ಹೊರಗೆ ಬಂದವಳು ನೇರ ಅವನ ಹತ್ತಿರ ಬಂದಳು.

"ಅಪ್ಪ, ನಾನು ಅಮ್ಮನ ಜೊತೆ ಹೋಗ್ತೀನಿ."

ಅವನಿಗೆ ಅರ್ಥವೇ ಆಗಲಿಲ್ಲ. ನಿಜ ಹೇಳಿದೆನಲ್ಲಮ್ಮ ಎಂದ.

"ನೀನು ಕೊಡೋ ದುಡ್ಡು ಕಡಿಮೆ ಆದ್ಮೇಲೆ ಈಜು ಕ್ಲಾಸು ನಾನೇ ಬಿಟ್ಟೆ. ಅಮ್ಮ ದುಡ್ಡು ಕಟ್ತೀನಿ ಅಂದ್ಲು. ಅಪ್ಪನ ಹತ್ರ ಇಲ್ಲ, ಪಾಪ, ಅಪ್ಪನಿಗೆ ಬೇಜಾರಾಗುತ್ತೆ ಅಂತ ನಾನೇ ಬೇಡ ಅಂದೆ. ನೀನು ಸುಳ್ಳು ಹೇಳ್ತಿದೀಯ ಅಂತ ಅಮ್ಮ ಅಂದಾಗೆಲ್ಲ ಅವಳ ಜೊತೆ ಜಗಳ ಆಡಿದೀನಿ. ನಿನ್ನ ಹತ್ರ ಇರ್ತೀನಿ ಅಂತ ನಾನು ಕೇಳದೇ ಇದ್ದಿದ್ರೆ, ಇವತ್ತು ನಿಜ ಹೇಳ್ತಿದ್ಯಾ?"

ಅವಳನ್ನು ಉಳಿಸಿಕೊಳ್ಳಲು ಒಂದು 'ಹೂಂ' ಸಾಕಾಗುತ್ತಿತ್ತೋ ಏನೋ. ಮೇಸ್ತ್ರಿ ಮಗಳ ಮುಖವನ್ನೇ ನೋಡಿದ. ಈ ಹುಡುಗಿಗೆ ಇನ್ನೊಂದು ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಇಲ್ಲಮ್ಮ," ಎಂದ.