ರವಿವಾರದ ಗುಳಿಗೆ

ಅವ್ವ ಮೊದಲು ಹೇಳಿದ್ದು ಹಾಲಿನ ಬಗ್ಗೆಯೋ ಗೋಡೆಯ ಬಗ್ಗೆಯೋ, ಈಗ ನನಗೆ ಖಾತ್ರಿಯಿಲ್ಲ. ಹಾಲು ಎಂದೇ ನೆನಪು. ಆದರೆ ಬೀದರಿನ ನೌಬಾದದ ನಮ್ಮ ಮನೆಗೆ ಆಗಷ್ಟೇ ಸುಣ್ಣ ಹೊಡೆಸಿದ್ದೆವು, ಆ ಗೋಡೆಯನ್ನೂ ಅವಳು ದಿಟ್ಟಿಸಿ ನೋಡಿದ್ದಳು. ಎರಡೂ ಬೇರೆ ಬೇರೆ ದಿನ ಆಗಿರಬಹುದು. ಮಾತು ಮಾತ್ರ ನೆನಪಿದೆ.

“ಬೇಬಿ, ಇದಕ್ಕ ಅರಿಶಿಣ ಯಾಕ ಹಾಕಿದಿ?”

ನಾನು ಹಾಕಿರಲಿಲ್ಲ.

ಅವ್ವನಿಗೆ ಹೃದಯದ ವಾಲ್ವ್ ತೊಂದರೆ ಹಳೆಯದು. ಬಡಿತ ಹಿಡಿತದಲ್ಲಿರಲೆಂದು ವರ್ಷಗಳಿಂದ ಡಿಗಾಕ್ಸಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ದಿನಕ್ಕೊಂದು, ಶನಿವಾರ ರವಿವಾರ ಬಿಟ್ಟು. ಇದು ಔಷಧಿಯಾಗಿರುವುದಕ್ಕೂ ವಿಷವಾಗುವುದಕ್ಕೂ ನಡುವಿನ ಅಂತರ ಬಹಳ ಸಣ್ಣದು. ಮೈಯಲ್ಲಿ ಕೂಡಿಕೊಳ್ಳಬಾರದೆಂದೇ ಆ ಎರಡು ದಿನದ ಬಿಡುವು. ಹೆಚ್ಚಾದರೆ ಊಟ ಸೇರುವುದಿಲ್ಲ, ವಾಂತಿಯಾಗುತ್ತದೆ, ಕೆಲವರಿಗೆ ಕಂಡದ್ದೆಲ್ಲ ಹಳದಿ. ಇದೆಲ್ಲ ನನಗೆ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿ ನನ್ನ ಸಂಶೋಧನೆ ಇದೇ ಗುಳಿಗೆಯ ಮೇಲೆ. ಅವ್ವನ ಸಲುವಾಗಿಯೇ ಆರಿಸಿಕೊಂಡಿದ್ದೆ.

ಮಾಲಿಕ್ಯುಲರ್ಲಿ ಇಂಪ್ರಿಂಟೆಡ್ ಪಾಲಿಮರ್ ಎಂದು ಅದರ ಹೆಸರು. ಔಷಧಿಯ ಅಣುವನ್ನು ನಡುವೆ ಇಟ್ಟು ಸುತ್ತಲೂ ಪ್ಲಾಸ್ಟಿಕ್‌ನಂಥ ವಸ್ತುವನ್ನು ಗಟ್ಟಿ ಮಾಡುತ್ತೇವೆ. ಆಮೇಲೆ ಅಣುವನ್ನು ತೊಳೆದು ತೆಗೆದರೆ ಅದರ ಆಕಾರದ ಖಾಲಿ ಜಾಗ ಉಳಿಯುತ್ತದೆ. ಮುಂದೆ ಅಂಥದೇ ಅಣು ಬಂದರೆ ಅಲ್ಲಿಯೇ ಕೂರುತ್ತದೆ, ಕೂತದ್ದು ಬಣ್ಣದಿಂದ ತಿಳಿಯುತ್ತದೆ. ರಕ್ತದಲ್ಲಿ ಗುಳಿಗೆ ಹೆಚ್ಚಾಗಿದೆಯೇ ಎಂದು ಮನೆಯಲ್ಲೇ ನೋಡುವಂಥ ಒಂದು ಪಟ್ಟಿ ಮಾಡಬೇಕೆಂಬುದು ನನ್ನ ಆಸೆ. ಅವ್ವ ಭಾಲ್ಕಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ರಜೆಗೆ ಬಂದಾಗ ವಿವರಿಸಿದರೆ ಕೂಡಲೇ ಹಿಡಿದಳು.

“ಹಸಿ ಸಿಮೆಂಟಿನಾಗ ಕೋಳಿ ನಡದು ಹೋದಂಗ.”

“ಹೂಂ ಅವ್ವ, ಹಂಗೇ.”

“ಬ್ಯಾರೆ ಮಂದಿ ಕೋಳಿ ಬಂದು ಅದರಾಗೇ ಕಾಲಿಟ್ರ?”

ನಕ್ಕಿದ್ದೆ. ನನ್ನ ಗೈಡ್ ಕೂಡ ಅದನ್ನೇ ಕೇಳುತ್ತಿದ್ದರು.

ಹಾಲು ಹಳದಿ ಕಂಡಾಗ ಅವ್ವ ಔರಾದದಿಂದ ಆಗಷ್ಟೇ ಮರಳಿದ್ದಳು. ಈಸ್ಟರ್‌ಗೆ ಮುಂಚಿನ ಪ್ರಾರ್ಥನೆಗಳಿಗೆಂದು ಪ್ರತಿವರ್ಷದಂತೆ ತಂಗಿಯ ಮನೆಗೆ, ಅಂದರೆ ನನ್ನ ಮೌಶಿಯ ಮನೆಗೆ ಹೋಗಿ ಹಲವು ವಾರ ಇದ್ದು ಬಂದಿದ್ದಳು. ಅಲ್ಲಿಯ ಚರ್ಚಿನಲ್ಲಿ ಹಾಡಲು ಮುಂದೆ ನಿಲ್ಲುವವಳು ಅವಳೇ.

ಬೀದರಿನ ಆಸ್ಪತ್ರೆಯಲ್ಲಿ ಇಸಿಜಿ ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದರು.

“ಪಲ್ಸ್ ಭಾಳ ಕಮ್ಮಿ ಅದರಿ ಮೇಡಂ. ಡಿಗಾಕ್ಸಿನ್ ನಿಲ್ಲಿಸೇವ್ರಿ. ಕ್ರಿಯಾಟಿನಿನ್ ಭಿ ಏರ್ಯದ. ಕಿಡ್ನಿ ಸೋತಿದ್ದಕ್ಕ ಗುಳಿಗಿ ಒಳಗೇ ಕೂಡಿರಬಹುದು, ಇಲ್ಲಾ ಹಾರ್ಟೇ ಸೋತಿರಬಹುದು.”

“ಯಾವುದು ಅಂತ ಹ್ಯಾಂಗ ಗೊತ್ತಾಗ್ತದರಿ?”

“ಬ್ಲಡ್ ಹೈದರಾಬಾದಿಗಿ ಕಳಿಸೇವ್ರಿ. ಲೆವೆಲ್ ಹೆಚ್ಚು ಬಂತಂದ್ರ ಅವರನ್ನೂ ಅಲ್ಲಿಗೇ ಒಯ್ಯಬೇಕು, ಇದನ್ನ ಇಳಿಸೋ ಇಂಜೆಕ್ಷನ್ ಇಲ್ಲಿ ಸಿಗಲ್ಲ. ಖಾತ್ರಿ ಇಲ್ಲದ ಈ ಹಾಲತ್ತಿನಾಗ ರಸ್ತಾ ಮ್ಯಾಲ ಹಾಕೋದು ಬ್ಯಾಡ್ರಿ.”

ರಿಪೋರ್ಟಿಗೆ ಕಾಯಬೇಕಿತ್ತು. ಪ್ರಯೋಗಕ್ಕೆಂದು ನಾನು ಮಾಡಿದ್ದ ಹಳೆಯ ಪಟ್ಟಿಗಳು ಮನೆಯಲ್ಲಿ ಒಂದು ಸ್ಟೀಲ್ ಡಬ್ಬಿಯಲ್ಲಿದ್ದವು. ತಂದೆ. ಡಬ್ಬಿ ನೋಡಿ ಅವ್ವ ಕಣ್ಣಲ್ಲೇ ನಕ್ಕಳು. “ನಿನ್ನ ಕೋಳಿ ಹೆಜ್ಜಿ ತಂದಿಯೇನು?”

ಲ್ಯಾಬಿನಲ್ಲಿ ಅವಳ ರಕ್ತ ಪರೀಕ್ಷಿಸಿ ಉಳಿದಿದ್ದ ಸೀರಮ್, ಅಂದರೆ ರಕ್ತದ ತಿಳಿಯನ್ನು ಒಂದು ಹನಿ ಬೇಡಿ ಪಡೆದೆ.

ಪಟ್ಟಿ ನೀಲಿಯಾಯಿತು.

ಅಂದರೆ ಗುಳಿಗೆ ಹೆಚ್ಚಿದೆ. ಡಾಕ್ಟರ ಕೋಣೆಯ ಬಾಗಿಲ ತನಕ ಹೋದೆ. ಹೋಗಿ ನಿಂತೆ. ಪ್ರಯೋಗಶಾಲೆಯಲ್ಲಿ ರೂಢಿಯಾದ ಒಂದು ಕೆಲಸ ಉಳಿದಿತ್ತು: ಗುಳಿಗೆಯನ್ನು ಕಂಡೇ ಇಲ್ಲದ ರಕ್ತವನ್ನೂ ನೋಡಬೇಕು. ತೋಳು ಚಾಚಿ ನನ್ನ ರಕ್ತ ಕೊಟ್ಟೆ.

ಅದೂ ನೀಲಿಯಾಯಿತು.

ಉಪ್ಪು ನೀರಿನಲ್ಲಿ ಡಿಗಾಕ್ಸಿನ್ ಒಂದನ್ನೇ ಗುರುತಿಸುತ್ತಿದ್ದ ಪಟ್ಟಿ, ರಕ್ತದಲ್ಲಿ ಕೈಗೆ ಸಿಕ್ಕದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಬೇರೆಯವರು ನನಗಿಂತ ಚೆನ್ನಾಗಿ ಮಾಡಿದ್ದಾರೆ, ಮುಂದೆಯೂ ಮಾಡುತ್ತಾರೆ. ನನ್ನದು ಅಲ್ಲಿಗೆ ಮುಟ್ಟಿರಲಿಲ್ಲ. ಡಾಕ್ಟರ ಬಾಗಿಲು ತಟ್ಟದೆ ವಾರ್ಡಿಗೆ ಮರಳಿದೆ.

“ಏನಂತದ?” ಅವ್ವ ಕೇಳಿದಳು.

“ನಿಂದೂ ನಂದೂ ಒಂದೇ ಅಂತದ ಅವ್ವ.”

“ಖರೇನೇ ಹೇಳ್ಯದ ತಗೋ. ನನ್ನ ಹೊಟ್ಟಿಲೇ ಹುಟ್ಟೀದಿ.”

ಮರುದಿನವೋ ಅದರ ಮರುದಿನವೋ, ಚಾದರದ ಅಂಚು ಹಿಡಿದು “ಇವತ್ತ ಬೆಳ್ಳಗದ” ಎಂದಳು. ಎಂದಳೇ? ಅಥವಾ ಅವಳ ಬಾಯಿಂದ ಆ ಮಾತು ಬರಲೆಂದು ನಾನು ಕಾಯುತ್ತಿದ್ದುದರಿಂದ ಕೇಳಿಸಿತೇ? ನನ್ನ ನೆನಪೂ ಆ ಪಟ್ಟಿಯ ಹಾಗೆಯೇ ಇರಬಹುದು ಎಂಬ ಅನುಮಾನ ಆಗಿನಿಂದ ಹೋಗಿಲ್ಲ.

ಸಂಜೆ ಬಡಿತ ತಪ್ಪಿತು. ಮತ್ತೆ ಹಳಿಗೆ ಬರಲಿಲ್ಲ.

ರಿಪೋರ್ಟ್ ಬಂದಾಗ ನಾವು ಭಾಲ್ಕಿಯಲ್ಲಿ ಅವಳನ್ನು ಮಣ್ಣು ಮಾಡಿ ಕೈಕಾಲು ತೊಳೆಯುತ್ತಿದ್ದೆವು. ಫೋನಿನಲ್ಲಿ ಬಂತು. ಲೆವೆಲ್ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ಡಾಕ್ಟರು ಮೃದುವಾಗಿ ಹೇಳಿದರು, “ಕಿಡ್ನಿ ಒಂದೇ ಕಾರಣ ಇರಬಹುದ್ರಿ. ಯಾರದೋ ತಪ್ಪಂತ ಹಿಡಕೊಂಡು ಕೂಡಬ್ಯಾಡ್ರಿ.” ಅವರ ಮಾತಿಗೆ ಋಣಿಯಾಗಿದ್ದೇನೆ. ಕೊನೆಗೆ ಅವಳಿಗೆ ಹೆಚ್ಚು ನೋವಾಗಲಿಲ್ಲ ಎಂಬುದಕ್ಕೂ.

ಆದರೆ ಭಾಲ್ಕಿಯಲ್ಲೇ, ರೊಟ್ಟಿ ಬಡಿಸುತ್ತ ಮೌಶಿ ಬಂದವರಿಗೆಲ್ಲ ಅಕ್ಕನ ತಮಾಷೆಗಳನ್ನು ಹೇಳುತ್ತಿದ್ದಳು. “ರವಿವಾರ ದವಾಖಾನಿಗಿ ಸೂಟಿ ಸರಿ, ಗುಳಿಗಿಗಿ ಯಾಕ ಸೂಟಿ ಅಂತಿದ್ದಳು. ದೇವರ ಮುಂದ ನಿಂತು ಹಾಡಾಕ ಅವತ್ತೇ ಎದಿ ಗಟ್ಟಿ ಬೇಕಲ್ಲ ಅಂತ ನಗ್ತಿದ್ದಳು.” ಎಲ್ಲರೂ ಕಣ್ಣೊರೆಸಿಕೊಂಡು ನಕ್ಕರು. ಔರಾದದಲ್ಲಿ ದಿನಾ ನೀರಿನ ಗ್ಲಾಸು, ಗುಳಿಗೆ ಕೈಗೆ ಕೊಡುತ್ತಿದ್ದವಳು ಮೌಶಿಯೇ.

ಮಂದಿ ಹೋದ ಮೇಲೆ ಕೇಳಿದೆ. ಬೈಯುವುದಕ್ಕಲ್ಲ, ತಿಳಿಯುವುದಕ್ಕೆ. ಅವಳು ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು. ಆಮೇಲೆ ಎಷ್ಟೋ ಸಲ ಫೋನ್ ಮಾಡಿದ್ದಾಳೆ, ಉಂಡೆಯಾ ಎಂದು ವಿಚಾರಿಸಿದ್ದಾಳೆ, ಇದೊಂದಕ್ಕೆ ಇನ್ನೂ ಉತ್ತರ ಹೇಳಿಲ್ಲ. ನಾನು ಕೇಳಿದ್ದು ಇಷ್ಟೇ:

“ಮೌಶಿ, ನಿಮ್ಮ ಮನ್ಯಾಗ ಅವ್ವ ರವಿವಾರ ಭಿ ಗುಳಿಗಿ ತಗೋತಿದ್ದಳೇನು?”